ಕಟ್‌ಔಟಿಗೆ ಕಟ್ಟಿದ ತಂತಿ

೧೯೭೪ರ ಬೇಸಿಗೆಯಲ್ಲಿ ನಾನು ಶಹಾಬಾದಿನ ಒಂದು ಐಸ್ ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿದ್ದೆ. ಓದಿದ್ದು ದಂಡೋತಿ ಶಾಲೆಯಲ್ಲಿ ನಾಲ್ಕನೇ ಇಯತ್ತೆವರೆಗೆ. ಉಳಿದದ್ದೆಲ್ಲ ನಟ್ಟು ಬಿಗಿಯುವ ಪಾನಾ ಹಿಡಿದು ಕಲಿತದ್ದು. ನನ್ನ ತಮ್ಮ ಶರಣಪ್ಪ ಅಲ್ಲೇ ಹಗಲು ಪಾಳಿಯ ಆಪರೇಟರ್. ಅವನನ್ನು ಆ ಕೆಲಸಕ್ಕೆ ಹಚ್ಚಿದವನೂ ನಾನೇ.

ಓದುವವರಿಗೆ ಮಷೀನಿನ ವಿಷಯ ಸ್ವಲ್ಪ ಹೇಳಬೇಕು. ನೀರನ್ನು ಐಸ್ ಮಾಡುವುದು ಅಮೋನಿಯಾ ಗ್ಯಾಸ್. ಕಂಪ್ರೆಸರ್ ಅದನ್ನು ಒತ್ತುತ್ತದೆ, ಒತ್ತಿದಾಗ ಅದು ಬಿಸಿಯಾಗುತ್ತದೆ. ಆ ಬಿಸಿಯನ್ನು ಕಂಡೆನ್ಸರ್ ಪೈಪುಗಳ ಮೇಲೆ ಹರಿಯುವ ನೀರು ಒಯ್ಯಬೇಕು. ಒಯ್ಯದಿದ್ದರೆ ಒಳಗೆ ಒತ್ತಡ ಏರುತ್ತದೆ. ಅದು ಮಿತಿ ಮೀರಿದಾಗ ಮೋಟಾರಿನ ಕರೆಂಟ್ ಕಡಿಯುವುದಕ್ಕೆ ಗೋಡೆಯ ಮೇಲೆ ಒಂದು ಸಣ್ಣ ಡಬ್ಬಿ ಇರುತ್ತದೆ. ಅದರ ಹೆಸರು ಹೈ ಪ್ರೆಶರ್ ಕಟ್‌ಔಟ್. ಯಾರ ಅಪ್ಪಣೆಯನ್ನೂ ಕೇಳದೆ ಮಷೀನ್ ನಿಲ್ಲಿಸುವ ಅಧಿಕಾರ ಇಡೀ ಫ್ಯಾಕ್ಟರಿಯಲ್ಲಿ ಅದೊಂದಕ್ಕೇ ಇತ್ತು. ಆದ್ದರಿಂದಲೇ ಅದನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ನಾವು ಅದಕ್ಕೆ ಶನಿ ಎಂದು ಹೆಸರಿಟ್ಟಿದ್ದೆವು.

ಬೇಸಿಗೆ ಬಂದರೆ ಶನಿಯ ಎರಡು ಸ್ಕ್ರೂಗಳಿಗೆ ತುಂಡು ತಂತಿ ಕಟ್ಟುವುದು, ಮಳೆ ಬಿದ್ದ ಮೇಲೆ ಬಿಚ್ಚುವುದು ನಮ್ಮ ಕಡೆಯ ಪದ್ಧತಿ. ತಂತಿ ಕಟ್ಟಿದರೆ ಡಬ್ಬಿ ಕಡಿದರೂ ಕರೆಂಟ್ ಹರಿಯುತ್ತಲೇ ಇರುತ್ತದೆ. ಹಿರಿಯ ಮಿಸ್ತ್ರಿಗಳು ಇದನ್ನು ದೊಡ್ಡ ವಿದ್ಯೆಯೆಂಬಂತೆ ಕಲಿಸುತ್ತಿದ್ದರು. ಇಂಥದ್ದನ್ನು ವಿದ್ಯೆ ಅಂದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕಲಿತ ನನ್ನ ಮೇಲೆ ಅದಕ್ಕಿಂತ ಹೆಚ್ಚು.

ನಮ್ಮ ಕಂಡೆನ್ಸರಿಗೆ ನೀರು ಬರುತ್ತಿದ್ದದ್ದು ನೆಲಕ್ಕೆ ಹಾಸುವ ಫರಸಿಕಲ್ಲು ತೆಗೆದು ಬಿಟ್ಟುಹೋದ ಒಂದು ಖಣಿಯಿಂದ. ಕಲ್ಲಿನೊಳಗೆ ನಿಂತ ಆ ನೀರಿನಲ್ಲಿ ಬರೀ ಸುಣ್ಣ. ನೀರು ಕಾಯಿಸುವ ಹಂಡೆಯಲ್ಲಿ ಕೂರುವಂತೆ ಪೈಪುಗಳ ಮೇಲೆ ಬಿಳಿ ಪದರು ಕೂತು, ನೀರು ಬಿಸಿ ಒಯ್ಯುವುದು ಕಡಿಮೆಯಾಗಿತ್ತು. ಆ ವರ್ಷ ಮದುವೆಗಳ ಸುಗ್ಗಿ. ಚಿತ್ತಾಪುರ, ಸೇಡಂನ ಶರಬತ್ತಿನ ಅಂಗಡಿಗಳಿಗೆ, ವಾಡಿ ಸ್ಟೇಷನ್ನಿಗೆ ದಿನವೂ ಗಾಡಿ ತುಂಬಿ ಐಸ್ ಹೋಗಬೇಕು. ಶನಿ ಮಾತ್ರ ಮತ್ತೆ ಮತ್ತೆ ಮಷೀನ್ ನಿಲ್ಲಿಸುತ್ತಿತ್ತು.

ಫ್ಯಾಕ್ಟರಿಯ ಮಾಲೀಕರಾದ ಸಾವ್ಕಾರರು ಬಂದು ಎಲ್ಲರೆದುರು ನನ್ನನ್ನೇ ಹಂಗಿಸಿದರು: "ನಿನ್ನ ತಮ್ಮ ಮಷೀನ್ ನಡಸ್ತಾನೋ, ತೊಟ್ಲಾಗ ಹಾಕಿ ಮಲಗಸ್ತಾನೋ?"

ಐಸ್ ಹೊರುವವರು ನಕ್ಕರು. ಶರಣಪ್ಪ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದ.

"ಅಣ್ಣಾ, ಅದು ಸುಳ್ಳು ಹೇಳಾಕತ್ತಿಲ್ಲ. ಪೈಪಿಗೆ ಸುಣ್ಣ ಭಾಳ ಕುಂತದ. ಎರಡು ದಿನ ಬಂದ್ ಇಟ್ಟು ಆಸಿಡ್ ಹಾಕಿ ತೊಳದ್ರ ತಾನೇ ಸುಮ್ಮನಾಗ್ತದ."

ಅವನು ಹೇಳಿದ್ದು ಸರಿಯೆಂದು ನನಗೆ ಗೊತ್ತಿತ್ತು. ಒತ್ತಡ ಮಿತಿ ಮೀರಿದರೆ ಗ್ಯಾಸ್ ಹೊರಬಿಡಬೇಕಾದ ಸೇಫ್ಟಿ ವಾಲ್ವ್ ತುಕ್ಕು ಹಿಡಿದು ಕೂತಿದ್ದೂ ಗೊತ್ತಿತ್ತು. ಆದರೂ ಮಂದಿಯೆದುರು ಆದ ಅವಮಾನವೇ ನನಗೆ ದೊಡ್ಡದಾಯಿತು. ಅಣ್ಣನಿಗೆ ಬುದ್ಧಿ ಹೇಳುವಷ್ಟು ದೊಡ್ಡವನಾದೆಯಾ ಎಂದು ಅವನನ್ನು ಗದರಿ, ಡಬ್ಬಿ ಬಿಚ್ಚಿ ನನ್ನ ಕೈಯಾರೆ ತಂತಿ ಕಟ್ಟಿದೆ. ಮಷೀನ್ ನಿಲ್ಲಲಿಲ್ಲ. ಸಾವ್ಕಾರರು ನನಗೆ ಚಹಾ ತರಿಸಿದರು.

ಮರುದಿನ ಮಧ್ಯಾಹ್ನ ಕಂಪ್ರೆಸರಿನ ತಲೆಯ ಸಂದು ಮುಚ್ಚುವ ಗ್ಯಾಸ್ಕೆಟ್ ಒಡೆಯಿತು. ನಾನು ಆಗ ಹೊರಗೆ ಪಂಪಿನ ಬಳಿ ಇದ್ದೆ. ಅಮೋನಿಯಾದ ಘಾಟು ಬಡಿದು ಎಲ್ಲರೂ ಕೆಮ್ಮುತ್ತಾ ಹೊರಗೆ ಓಡಿ ಬಂದರು. ಶರಣಪ್ಪ ಮಾತ್ರ ಒದ್ದೆ ಟವೆಲ್ಲು ಮುಖಕ್ಕೆ ಕಟ್ಟಿಕೊಂಡು ವಾಲ್ವ್ ಬಂದ್ ಮಾಡಿ ಕೊನೆಗೆ ಬಂದ. ಟವೆಲ್ಲು ಮೂಗು ಬಾಯಿ ಕಾಯ್ದಿತ್ತು, ಕಣ್ಣು ಕಾಯಲಿಲ್ಲ. ನೀರಿನ ತೊಟ್ಟಿಯಾದ ಹೌದಿನ ಪಕ್ಕ ಕೂರಿಸಿ ಎಷ್ಟು ನೀರು ಹೊಯ್ದರೂ ಅವನ ಎಡಗಣ್ಣು ಉಳಿಯಲಿಲ್ಲ.

ವಿಚಾರಣೆಗೆ ಸರ್ಕಾರದ ಸಾಹೇಬರು ಬಂದರು. ಅದಕ್ಕೂ ಮೊದಲೇ ಸಾವ್ಕಾರರು ನನ್ನನ್ನು ಒಳಗೆ ಕರೆದಿದ್ದರು. "ಹೆಂಗೂ ಅವನ ಕೆಲಸ ಹೋಯ್ತು. ನಿಂದೂ ಹೋದ್ರ ಮನಿ ನಡಸೋರು ಯಾರು?" ಎಂದರು. ಮಷೀನ್ ನಿಂತಿತೆಂದು ಎಲ್ಲರೆದುರು ಹಂಗಿಸಿದ ಮನುಷ್ಯ, ಎಷ್ಟು ಕಾಳಜಿಯಿಂದ ಕೇಳಿದ!

ಸಾಹೇಬರು ತಂತಿ ತೋರಿಸಿ ಕಟ್ಟಿದವರು ಯಾರೆಂದು ಕೇಳಿದರು. ಪಾಳಿಯ ಆಪರೇಟರೇ ಕಟ್ಟಿದ್ದು ಎಂದು ಸಾವ್ಕಾರರು ಹೇಳಿದರು. ಶರಣಪ್ಪ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಅಲ್ಲೇ ಕುಳಿತಿದ್ದ. ನನ್ನ ಕಡೆ ತಿರುಗಿ ಕುಳಿತ, ಅಷ್ಟೆ. ನಾನು ನೆಲ ನೋಡಿದೆ. ಸಾಹೇಬರು ಎರಡನೇ ಸಲ ಕೇಳುವ ಗೋಜಿಗೆ ಹೋಗಲಿಲ್ಲ. ಕಟ್ಟುವುದಕ್ಕೆ ಪಾನಾ, ಸ್ಕ್ರೂಡ್ರೈವರ್ ಯಾರ ಬಳಿ ಇರುತ್ತವೆ ಎಂದಾದರೂ ಕೇಳಬಹುದಿತ್ತು. ಬಡವನ ತಪ್ಪೆಂದರೆ ಎಲ್ಲರಿಗೂ ಕೆಲಸ ಬೇಗ ಮುಗಿಯುತ್ತದೆ.

ಆಮೇಲೆ ಅವನಿಗೆ ಯಾರೂ ಮಷೀನ್ ಮುಟ್ಟಲು ಕೊಡಲಿಲ್ಲ. ಸುತ್ತಲಿನ ಫ್ಯಾಕ್ಟರಿಗಳಲ್ಲಿ ಅವನ ಹೆಸರು ತಂತಿ ಶರಣಪ್ಪ ಎಂದಾಯಿತು. ಪ್ರತಿ ಬೇಸಿಗೆ ತಾವೇ ತಂತಿ ಕಟ್ಟುತ್ತಿದ್ದವರು ಅವನಿಗೆ ಆ ಹೆಸರಿಟ್ಟರು! ಒಂದೇ ಕಣ್ಣಿನಲ್ಲಿ ಅವನು ಫರಸಿ ಉಜ್ಜುವ ಕೆಲಸಕ್ಕೆ ಹೋದ.

ನಾನು ಶಹಾಬಾದ್ ಬಿಟ್ಟು ಚಿಂಚೋಳಿ ಕಡೆ ಹಾಲು ತಂಪು ಮಾಡುವ ಕೇಂದ್ರದಲ್ಲಿ ಸೇರಿದೆ. ಮೊದಲ ದಿನವೇ ಕಟ್‌ಔಟ್ ಬಿಚ್ಚಿ ನೋಡಿದರೆ ಅಲ್ಲೂ ತಂತಿ. ಕಿತ್ತು ಎಸೆದೆ. ಹಾಲು ಕೆಟ್ಟರೆ ನೀನೇ ಹೊಣೆ ಎಂದು ಮ್ಯಾನೇಜರು ಕೂಗಾಡಿದರು. ಮಷೀನ್ ನಿಲ್ಲಿಸಿ ಕಂಡೆನ್ಸರ್ ತೊಳೆಸಿದೆ. ಒಂದು ಹೊತ್ತಿನ ಹಾಲು ಕೆಟ್ಟಿತು. ಇಷ್ಟೇ ಧೈರ್ಯ ಸಾಕಾಗಿತ್ತು ಶಹಾಬಾದಿನಲ್ಲಿ.

ಆ ಸಲ ಊರಿಗೆ ಹೋದಾಗ ಶರಣಪ್ಪನ ಮುಂದೆ ಕುಳಿತು, ತಪ್ಪು ನನ್ನದು ಎಂದೆ. ಅವನು ಬೀಡಿ ಹಚ್ಚಿಕೊಂಡ.

"ನನಗ್ಯಾಕ ಹೇಳ್ತಿ ಅಣ್ಣಾ? ಕಟ್ಟುವಾಗ ನಾ ಅಲ್ಲೇ ನಿಂತಿದ್ನಲ್ಲ. ಗೊತ್ತಿಲ್ಲದವರಿಗೆ ಹೇಳು."

ಬಹಳ ವರ್ಷ ಅದನ್ನೂ ಮಾಡಲಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು: ಮಷೀನ್ ನಿಂತರೆ ಯಾಕೆ ನಿಂತಿತೆಂದು ನೋಡಬೇಕು, ನಿಲ್ಲಿಸಿದ್ದರ ಕೈ ಕಟ್ಟಬಾರದು. ಇನ್ನು ಗೊತ್ತಿಲ್ಲದವರಿಗೆ ಹೇಳಬೇಕಾದದ್ದು. ಶಹಾಬಾದಿನ ಆ ಕಟ್‌ಔಟಿಗೆ ತಂತಿ ಕಟ್ಟಿದವನು ಶರಣಪ್ಪ ಅಲ್ಲ. ಬೇಡ ಅಂದವನು ಅವನು. ಕಟ್ಟಿದವನು ನಾನು.