ಮುರಿಯಲೆಂದೇ ಮಾಡಿದ ಪಿನ್ನು

ಅವರ ಬಲಗೈಯ ಮೂರು ಬೆರಳುಗಳ ತುದಿ ಸದಾ ಬೂದು ಬಣ್ಣದಲ್ಲಿರುತ್ತಿತ್ತು. ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು, ಅದರ ಮೇಲೆ ವಿಭೂತಿಯ ಬಿಳುಪು. ಮೇಸ್ತ್ರಿ ಇಂಜಿನ್ನಿನ ಭಾಗಗಳಿಗೆ ವಿಭೂತಿ ಹಚ್ಚಿ ಮಂತ್ರ ಹೇಳುತ್ತಾರೆ, ಅದಕ್ಕೇ ಅವರು ಕೂಡಿಸಿದ ಇಂಜಿನ್ನು ಕೆಡುವುದಿಲ್ಲ ಎಂದು ಹೊಸಪೇಟೆಯಲ್ಲಿ ಜನ ಹೇಳುತ್ತಿದ್ದರು. ಹಂಪಿಯ ಗೈಡುಗಳು ಹೇಳುವುದರಲ್ಲೇ ಅರ್ಧವನ್ನು ನಂಬದ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಅಂಗಡಿಗೆ ಹೋಗಿ ಕುಳಿತು ನೋಡಿದೆ. ಪಿಸ್ಟನ್ನಿಗೆ ಸೇರುವ ಕನೆಕ್ಟಿಂಗ್ ರಾಡನ್ನು ಅವರು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹೊರತೆಗೆದು, ಒಣಬಟ್ಟೆಯಿಂದ ಒರೆಸಿ, ಮೈತುಂಬ ವಿಭೂತಿ ಉದುರಿಸಿ ಬಿಸಿಲಿಗಿಡುತ್ತಿದ್ದರು. ಕಣ್ಣಿಗೆ ಕಾಣದ ಬಿರುಕೊಂದಿದ್ದರೆ, ಅದರೊಳಗೆ ಹೊಕ್ಕ ಎಣ್ಣೆ ಮೆಲ್ಲಗೆ ಹೊರಬಂದು ಬೂದಿಯ ಮೇಲೆ ಕೂದಲೆಳೆಯಂಥ ಗೆರೆ ಮೂಡಿಸುತ್ತಿತ್ತು. ಮಂತ್ರ ಇರಲಿಲ್ಲ. ಹಾಗೆಂದು ನಾನು ಹೇಳಿದಾಗ ಅವರು ನಕ್ಕರು. "ಮಂತ್ರ ಅಂತನ ಇರ್ಲಿ ಬಿಡ್ರಿ ಯಜಮಾನ್ರ. ಸೀಮೆಎಣ್ಣಿ ಅಂದ್ರ ನಾಳೆ ಎಲ್ಲಾ ಅಂಗಡ್ಯಾಗೂ ಮಾಡ್ತಾರ."

ಸಂಡೂರಿನ ಕಡೆಯ ಗಣಿಯೊಂದರ ವರ್ಕ್‌ಶಾಪಿನಲ್ಲಿ ಲೇತು ನಡೆಸಿದವರು ಅವರು. ಗಣಿ ನಿಂತಾಗ ಊರಿಗೆ ಮರಳಿ ಸಣ್ಣ ಅಂಗಡಿ ಹಾಕಿದರು. ಸೈಕಲ್ಲಿಗೆ ಕೂಡಿಸುವ ಪುಟ್ಟ ಇಂಜಿನ್ನುಗಳೇ ಅವರ ಕಸುಬಾದವು. ಸಪಾಟು ರಸ್ತೆಯಲ್ಲಿ ಒಬ್ಬ ಮನುಷ್ಯನನ್ನು ಎಳೆಯಲೆಂದು ಮಾಡಿದ ಆ ಇಂಜಿನ್ನಿನ ಮೇಲೆ ನಮ್ಮವರು ಬಾಳೆಗೊನೆ ಹೇರುತ್ತಿದ್ದರು, ಎಮ್ಮಿಗನೂರಿನವರು ಹಾಲಿನ ಕ್ಯಾನು ಕಟ್ಟುತ್ತಿದ್ದರು. ಅಂಥ ಹೊರೆಗೆ ತಕ್ಕಂತೆ ಮೇಸ್ತ್ರಿ ಅದರ ಒಳಗನ್ನು ಬದಲಿಸುತ್ತಿದ್ದರು: ಸವೆದು ಹೋಗುವ ಬುಷ್ ತೆಗೆದು ರೋಲರ್ ಬೇರಿಂಗು, ತೆಳ್ಳಗಿನ ಬೋಲ್ಟು ತೆಗೆದು ದಪ್ಪ ಬೋಲ್ಟು. ಬಿರುಕು ಹುಟ್ಟುವುದೇ ಗೀರಿನಲ್ಲಿ ಎಂದು ರಾಡನ್ನು ಒಂದು ಗೀರೂ ಉಳಿಯದಂತೆ ತಿಕ್ಕುತ್ತಿದ್ದರು. ಹೊರೆಯ ಮಾತಾದರೆ ತಾಳ್ಮೆಯಿಂದ ಕೇಳುವವರು, ವೇಗ ಕೇಳಿ ಬಂದವರನ್ನು ಮಾತ್ರ ಒಳಗೆ ಸೇರಿಸುತ್ತಿರಲಿಲ್ಲ. "ಸ್ಪೀಡ್ ಬೇಕಂದ್ರ ಆಂಬುಲೆನ್ಸ್ ಐತಿ, ಅದರಾಗ ಹತ್ತು," ಎಂದು ಒಬ್ಬನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಎಲ್ಲವನ್ನೂ ಗಟ್ಟಿ ಮಾಡುವ ಈ ಮನುಷ್ಯ ಒಂದನ್ನು ಮಾತ್ರ ಬೇಕೆಂದೇ ಮೆತ್ತಗೆ ಬಿಡುತ್ತಿದ್ದರು. ಹಿಂದಿನ ಗಾಲಿಗೆ ಚೈನು ಎಳೆಯುವ ಸಣ್ಣ ಹಲ್ಲುಚಕ್ರವನ್ನು ಇಂಜಿನ್ನಿನ ಶಾಫ್ಟಿಗೆ ಹಿಡಿದಿಡುವ ಪಿನ್ನು ಅದು. ಹಿತ್ತಾಳೆಯದು, ಲೇತಿನ ಮೇಲೆ ತಾವೇ ಕಡೆದದ್ದು, ಬೆಂಕಿಕಡ್ಡಿಯಷ್ಟು ದಪ್ಪ. ಓಡುವಾಗ ಇಂಜಿನ್ನು ತಟ್ಟನೆ ಬಿಗಿದುಕೊಂಡರೆ ಗಾಲಿಯೂ ಬಿಗಿದು ಸವಾರ ನೆಲಕ್ಕೆ ಬೀಳುತ್ತಾನೆ. ಪಿನ್ನು ಮೆತ್ತಗಿದ್ದರೆ ಮೊದಲು ಅದು ಮುರಿಯುತ್ತದೆ, ಗಾಲಿ ತನ್ನಷ್ಟಕ್ಕೆ ಉರುಳುತ್ತದೆ, ಸವಾರ ಬ್ರೇಕು ಹಿಡಿದು ನಿಲ್ಲುತ್ತಾನೆ. ವರ್ಷಗಟ್ಟಲೆ ಅವರ ಬೆಂಚಿನ ಮೇಲೆ ಕುಳಿತ ಮೇಲೆ, ಯಾರಿಗೂ ಹೇಳಬಾರದೆಂಬ ಕರಾರಿನ ಮೇಲೆ, ಇದನ್ನು ನನಗೆ ತಿಳಿಸಿದರು. ಗಿರಾಕಿಗಳಿಗೆ ಹೇಳುತ್ತಿದ್ದುದು ಇಷ್ಟೇ: ಮುರಿದರೆ ನನ್ನ ಹತ್ತಿರ ಬಾ, ಬೇರೆ ಯಾರ ಕೈಯಲ್ಲೂ ಮುಟ್ಟಿಸಬೇಡ.

ಹೊರೆ ಹೆಚ್ಚಾದರೆ ಏರಿನಲ್ಲಿಯೂ ಅದು ಮುರಿಯುತ್ತಿತ್ತು. ಮೇಸ್ತ್ರಿ ಆನೆ ಕಟ್ಟುವ ಸರಪಳಿ ಮಾಡಿ ಅದಕ್ಕೆ ಬೆಲ್ಲದ ಬೀಗ ಹಾಕುತ್ತಾನೆ ಎಂದು ಬಾಳೆಕಾಯಿಯವರು ಚಹಾದಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು. ಮೇಸ್ತ್ರಿಗೂ ಅದು ಕೇಳಿಸುತ್ತಿತ್ತು. ಮತ್ತೊಂದು ಹಿತ್ತಾಳೆಯ ಪಿನ್ನು ಕಡೆಯುತ್ತಿದ್ದರು.

ಪಾಪಿನಾಯಕನಹಳ್ಳಿಯ ಬಾಳೆ ವ್ಯಾಪಾರಿಯೊಬ್ಬ ಹಂಪಿಯ ತೋಟಗಳಿಂದ ಗೊನೆ ತಂದು ಸಂಡೂರಿಗೆ ಒಯ್ಯುತ್ತಿದ್ದ. ಮೇಸ್ತ್ರಿಯ ಹಳೆಯ ಗಿರಾಕಿ. ಒಂದು ಬೆಳಿಗ್ಗೆ ಘಾಟಿನ ಇಳಿಜಾರಿನಲ್ಲಿ ಅವನ ಸೈಕಲ್ಲಿನ ಹಿಂದಿನ ಗಾಲಿ ಬಿಗಿದುಕೊಂಡು ಅವನು ರಸ್ತೆಯ ನಡುವೆ ಬಿದ್ದ. ಹಿಂದೆ ಬರುತ್ತಿದ್ದ ಅದಿರಿನ ಲಾರಿಗೆ ನಿಲ್ಲಲಾಗಲಿಲ್ಲ. ಸಂಜೆಯೊಳಗೆ ಊರಿನ ತೀರ್ಪು ಸಿದ್ಧವಾಗಿತ್ತು: ಇಂಜಿನ್ನನ್ನು ಅತಿಯಾಗಿ ಗಟ್ಟಿ ಮಾಡಿ ಮೇಸ್ತ್ರಿ ಒಬ್ಬನ ಜೀವ ತೆಗೆದ. ಮೂರನೆಯ ದಿನ ಸತ್ತವನ ಅಣ್ಣ ಗೋಣಿಚೀಲವೊಂದನ್ನು ತಂದು ಅಂಗಡಿಯ ಮುಂದೆ ಇಳಿಸಿದ. ಬೈಯಲಿಲ್ಲ. "ನಿನ್ನ ಗಟ್ಟಿ ಇಂಜಿನ್ನು, ತಗೋ. ಇದಕ್ಕೇನೂ ಆಗಿಲ್ಲ," ಎಂದು ಹೇಳಿ ಹೋದ.

ನಾನಿದ್ದಾಗಲೇ ಅದನ್ನು ಬಿಚ್ಚಿದರು. ಪಿಸ್ಟನ್ನು ಸಿಲಿಂಡರಿನ ಗೋಡೆಗೆ ಕಚ್ಚಿ ಹಿಡಿದಿತ್ತು. ಈ ಇಂಜಿನ್ನುಗಳಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಏರು ಹತ್ತಿ ಕಾದ ಇಂಜಿನ್ನಿಗೆ, ಉಳಿತಾಯವೆಂದು ಇಳಿಜಾರಿನಲ್ಲಿ ಪೆಟ್ರೋಲು ಬಂದ್ ಮಾಡಿದರೆ ಎಣ್ಣೆಯೂ ಬಂದ್; ಇಲ್ಲಿ ಆದದ್ದೂ ಅದೇ. ಆದರೂ ಸಾವು ಬರಬೇಕಾಗಿರಲಿಲ್ಲ. ಮೇಸ್ತ್ರಿ ಹಲ್ಲುಚಕ್ರವನ್ನು ಬೆಳಕಿಗೆ ಹಿಡಿದರು. ಹಿತ್ತಾಳೆಯ ಪಿನ್ನು ಇರಬೇಕಾದ ತೂತಿನಲ್ಲಿ ತೂತು ಕೊರೆಯುವ ಉಕ್ಕಿನ ಡ್ರಿಲ್ ಬಿಟ್ಟಿನ ತುಂಡೊಂದನ್ನು ಯಾರೋ ಬಡಿದು ಕೂರಿಸಿದ್ದರು. ಅದು ಕೂದಲಷ್ಟೂ ಬಾಗಿರಲಿಲ್ಲ.

ಆ ತುಂಡನ್ನು ಹಿಡಿದುಕೊಂಡು ಹಳ್ಳಿಗೆ ಹೋಗೋಣ, ಸತ್ತವನ ಮನೆಯವರ ಎದುರಿಗೇ ತೋರಿಸೋಣ ಎಂದು ಹಟ ಹಿಡಿದವನು ನಾನು. ಅಷ್ಟರಲ್ಲಾಗಲೇ ರಿಪೇರಿಗೆ ಬಿಟ್ಟಿದ್ದ ಸೈಕಲ್ಲುಗಳನ್ನು ಜನ ಒಬ್ಬೊಬ್ಬರಾಗಿ ಬಂದು ದೂಡಿಕೊಂಡು ಹೋಗುತ್ತಿದ್ದರು. ಆ ಕಸುಬು ಬಿಟ್ಟರೆ ಅವರಿಗೆ ಬೇರೆ ಗೊತ್ತಿರಲಿಲ್ಲ. ಕೊನೆಗೆ ಒಪ್ಪಿದರು. ತುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಸತ್ತವನ ಹೆಂಡತಿ ಚಾಪೆ ಹಾಸಿದಳು, ನೀರು ಕೊಟ್ಟಳು. ಅವಳಿಗೆ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆ ಇತ್ತು. ನಾವು ಬಾಯಿ ತೆರೆಯುವ ಮೊದಲೇ ಅವಳು ಮಾತು ತೆಗೆದಳು. ಏರಿನಲ್ಲಿ ಮೇಲಿಂದ ಮೇಲೆ ಒಂದು ಸಣ್ಣ ಪಿನ್ನು ಮುರಿಯುತ್ತಿತ್ತಂತೆ. ಮುರಿದಾಗಲೆಲ್ಲ ಗೊನೆ ಬಾಡುವುದರೊಳಗೆ ಮುಟ್ಟಿಸಬೇಕೆಂದು ಗಂಡ ಘಾಟಿನ ನೆತ್ತಿಯವರೆಗೂ ಒಬ್ಬನೇ ದೂಡುತ್ತಿದ್ದನಂತೆ.

"ಅವರ ಪಾಡು ನೋಡಲಾರದ ನಾನ ಅಂದ್ನಿರಿ, ಗಟ್ಟೀದು ಹಾಕಿಸ್ಕೋರಿ ಅಂತ. ಬ್ಯಾಡ, ಮೇಸ್ತ್ರಿ ಬೈತಾರ ಅಂದ್ರು. ನಾನ ಬಿಡಲಿಲ್ಲ. ಹಾಕಿಸಿಕೊಂಡ ಮ್ಯಾಲ ಒಂದಿನಾನೂ ಮುರೀಲಿಲ್ಲ ನೋಡ್ರಿ. ಅಷ್ಟು ಛಲೋ ಆಗಿತ್ತು. ಮತ್ತ ಹಿಂಗ್ಯಾಕಾತ್ರಿ ಮೇಸ್ತ್ರಿ?"

ನಾನು ಅವರ ಜೇಬನ್ನು ನೋಡಿದೆ. ಅವರು ಅವಳನ್ನು ನೋಡುತ್ತಿದ್ದರು.

"ಇಂಜಿನ್ ಹಿಡಕೊಂತವ್ವ," ಎಂದರು. "ಒಳಗ ನಾ ಮಾಡಿದ ಕೆಲಸದಾಗ ತಪ್ಪಿತ್ತು. ನಂದ ತಪ್ಪು."

ಬಸ್ಸಿಗೆ ಕಾಯುವಾಗ ನಾನು ಜಗಳವಾಡಿದೆ. ಸುಳ್ಳೊಂದು ಊರಿನಲ್ಲಿ ಬೇರು ಬಿಡಲು ನೀವೇ ನೀರು ಹಾಕಿದಿರಿ ಎಂದೆ. ಅವರು ತುಂಡನ್ನು ಹೊರತೆಗೆದು ರಸ್ತೆಯಾಚೆಯ ಜಾಲಿಯ ಪೊದೆಯೊಳಕ್ಕೆ ಎಸೆದರು.

"ಪೂರಾ ಸುಳ್ಳಲ್ಲರಿ ಅದು. ಮುಟ್ಟಬ್ಯಾಡ ಅಂತ ಎಲ್ಲಾರಿಗೂ ಹೇಳ್ದೆ. ಯಾಕ ಅಂತ ಒಬ್ಬ ಗಿರಾಕಿಗಾದ್ರೂ ಹೇಳಿದ್ನೇನು? ಬ್ಯಾರೆ ಮೇಸ್ತ್ರಿಗಳು ಕಲೀತಾರಂತ ಬಾಯಿ ಮುಚ್ಚಿಕೊಂಡೆ. ಗೊತ್ತಿದ್ರ ಆ ಹೆಣ್ಮಗಳು ಗಟ್ಟೀದು ಹಾಕಿಸ್ಕೋ ಅಂತಿದ್ಲೇನು?"

ಊರಿನ ಕಥೆ ತಪ್ಪೆಂದು ಇಂದಿಗೂ ವಾದಿಸಬಲ್ಲೆ. ಆದರೆ ಅವರು ನಿರಪರಾಧಿ ಎಂಬ ನನ್ನ ಕಥೆಯನ್ನು ಅವರೇ ಒಪ್ಪಿರಲಿಲ್ಲ.

ಆಮೇಲೆ ಅವರು ಪಟ್ಟಣದ ಬೇರೆ ಅಂಗಡಿಗಳಿಗೆಲ್ಲ ತಾವೇ ಹೋಗಿ ಪಿನ್ನಿನ ಮರ್ಮ ಬಿಡಿಸಿ ಹೇಳಿದರು. ಕಂಪ್ಲಿಗೂ ಹೋಗಿ ಬಂದರು. ಕೆಲವರು ಕೇಳಿದರು; ಕೆಲವರು, ಆಳು ಸತ್ತ ಮೇಲೆ ಪಾಠ ಹೇಳಲು ಬಂದೆಯಾ ಎಂದು ಬಾಗಿಲಲ್ಲೇ ನಿಲ್ಲಿಸಿದರು. ಇಂದು ಈ ಸೀಮೆಯಲ್ಲಿ ಹಿತ್ತಾಳೆಯ ಪಿನ್ನು ಹಾಕುವವರಿಗೆ ಅದು ಯಾರಿಂದ ಬಂತೆಂದು ಗೊತ್ತಿಲ್ಲ. ಅವರ ಅಂಗಡಿಗೆ ಮಾತ್ರ ಗಿರಾಕಿ ಮರಳಲಿಲ್ಲ. ಲೇತನ್ನು ಗುಜರಿಯವರು ಒಯ್ದರು. ಎದೆಯ ಬೇನೆ ಹಿಡಿದು ಕೊನೆಯ ಮಳೆಗಾಲವನ್ನು ಅವರು ಹಾಸಿಗೆಯಲ್ಲೇ ಕಳೆದರು. ಹೋದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದರು: ಆಕೆಗೆ ಯಾರೂ ಪಿನ್ನಿನ ಮಾತು ಹೇಳಿಲ್ಲವಷ್ಟೇ? ಇಲ್ಲ ಎನ್ನುತ್ತಿದ್ದೆ. ಆ ಹೆಣ್ಣುಮಗಳೂ ಈಚೆಗೆ ತೀರಿಕೊಂಡಳು. ಅವಳು ಬದುಕಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮೇಸ್ತ್ರಿ ತೀರಿಕೊಂಡ ದಿನ ಅವರನ್ನು ಮನೆಯ ಅಂಗಳದಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಬಂದವರು ಕಡಿಮೆ. ಅವರಲ್ಲಿ, ಆಗಿನ್ನೂ ಬದುಕಿದ್ದ ಆ ಬಾಳೆ ವ್ಯಾಪಾರಿಯ ಹೆಂಡತಿಯೂ ಇದ್ದಳು; ಹೂವಿನ ಹಾರ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಹಿಂದಿನಿಂದ ಯಾರೋ, ಬೇರೆ ಊರಿನವನಿರಬೇಕು, ನನ್ನ ಭುಜ ಮುಟ್ಟಿ ಕೇಳಿದ: "ಘಾಟಿನಾಗ ಒಬ್ಬ ಸತ್ತನಲ್ರಿ, ಆ ಇಂಜಿನ್ ಮಾಡಿದವರು ಇವರ ಏನ್ರಿ? ಇವರದ ತಪ್ಪಂತಲ್ಲ?"

ಆಕೆ ಇತ್ತ ತಿರುಗಿದಳು. ಊರಿನ ಮಾತಿಗೆ ಜೀವಮಾನದಲ್ಲಿ ತಲೆಯಾಡಿಸಿದವನಲ್ಲ ನಾನು.

"ಹೌದ್ರಿ," ಎಂದೆ. "ಇವರದ."