ಎರಡು ಉತ್ತರವಲ್ಲ ಎಂದ ಪೆನ್ಕಾ

ಡ್ಯಾನ್ಯೂಬ್ ದಂಡೆಯ ಸಣ್ಣ ಬಲ್ಗೇರಿಯನ್ ಊರೊಂದರಲ್ಲಿ ಪೆನ್ಕಾ ಸ್ತೋಯ್ಕೋವಾ ಹತ್ತೊಂಬತ್ತು ವರ್ಷ ಗಣಿತ ಕಲಿಸಿದಳು. ಪೀಪಾಯಿ ಮಾಡುವವನ ಮಗಳು. ಗಿಡ್ಡ ಆಳು, ದೊಡ್ಡ ದನಿ. ಮದುವೆಯಾಗಲಿಲ್ಲ, ಕಮ್ಯುನಿಸ್ಟ್ ಪಾರ್ಟಿಗೂ ಸೇರಲಿಲ್ಲ. ಯಾಕೆಂದು ಕೇಳಿದವರಿಗೆ, "ಎರಡಕ್ಕೂ ಕರೆದ ರೀತಿ ಸರಿ ಇರ್ಲಿಲ್ಲ" ಎಂದು ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತಿದ್ದಳು.

ಛೇದದಲ್ಲಿ x ಇರುವ ಸಮೀಕರಣವೆಂದರೆ ಮಕ್ಕಳಿಗೆ ಕಬ್ಬಿಣದ ಕಡಲೆ. ಪೆನ್ಕಾಳದು ಒಂದೇ ಕಟ್ಟಪ್ಪಣೆ: ಲೆಕ್ಕಕ್ಕೆ ಕೈ ಹಾಕುವ ಮೊದಲು, x ಯಾವ ಸಂಖ್ಯೆ ಆಗಬಾರದು ಎಂಬುದನ್ನು ಹಾಳೆಯ ತಲೆಯ ಮೇಲೆ ಬರೆಯಬೇಕು. "ಛೇದ ಸೊನ್ನೆ ಆಯ್ತೋ, ಲೆಕ್ಕ ಅಲ್ಲೇ ಸತ್ತುಹೋಯ್ತು. ಹೆಣದ ಹತ್ರ ಉತ್ತರ ಕೇಳ್ತೀರೇನ್ರೋ?" ಎಂದು ಗದರುವಳು.

೧೯೭೪ರ ಜೂನ್. ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಬಂದದ್ದು ಇದು: x/(x−2) = 8/(x²−4). ಛೇದಗಳನ್ನು ತೆಗೆದುಹಾಕಿದರೆ x²+2x−8=0 ಉಳಿಯುತ್ತದೆ; ಅದನ್ನು ಬಿಡಿಸಿದರೆ 2 ಮತ್ತು −4. ಆದರೆ 2 ಹಾಕಿದರೆ ಮೂಲ ಸಮೀಕರಣದ ಎರಡೂ ಛೇದ ಸೊನ್ನೆ. ಹಾಗಾಗಿ ನಿಲ್ಲುವುದು −4 ಒಂದೇ. ಪೆನ್ಕಾಳ ಹನ್ನೊಂದು ಮಕ್ಕಳು ಹಾಗೇ ಬರೆದಿದ್ದರು. ಜಿಲ್ಲಾ ಕಚೇರಿಯಿಂದ ಮೊಹರು ಹಾಕಿ ಬಂದ ಉತ್ತರಪತ್ರದಲ್ಲಿ ಮಾತ್ರ ಎರಡೂ ಇದ್ದವು. ಬರೆದವರು ಯಾರೋ, ಛೇದ ತೆಗೆದು ಮುಂದೆ ಹೋದವರು ಹಿಂದಿರುಗಿ ನೋಡಿರಲಿಲ್ಲ.

ಆ ಲೆಕ್ಕದಲ್ಲಿ ತಪ್ಪಿದರೆ ಆರಕ್ಕೆ ಆರು ಸಿಗಬೇಕಾದವರಿಗೆ ಐದು. ಆರಿಲ್ಲದೆ ಎಂಜಿನಿಯರಿಂಗ್ ಬಾಗಿಲು ತೆರೆಯುತ್ತಿರಲಿಲ್ಲ.

ಮುಖ್ಯೋಪಾಧ್ಯಾಯ ಮೆತೋದಿ ಒಳ್ಳೆಯ ಮನುಷ್ಯ, ಆದರೆ ಪುಕ್ಕಲ. ಪೆನ್ಕಾಳನ್ನು ತನ್ನ ಕೋಣೆಗೆ ಕರೆಸಿಕೊಂಡ. ಜಿಲ್ಲೆಯಿಂದ ಬಂದ ಪರಿವೀಕ್ಷಕ ಗೆರ್ಗಿನೊವ್ ಕಿಟಕಿ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದ.

"ಕಾಮ್ರೇಡ್ ಸ್ತೋಯ್ಕೋವಾ, ಉತ್ತರ ಮೇಲಿಂದ ಬಂದಿದೆ. ಅದರ ಪ್ರಕಾರ ಅಂಕ ಹಾಕಿ, ಮುಗಿಸಿ," ಎಂದ ಗೆರ್ಗಿನೊವ್.

"ಎಷ್ಟು ಮೇಲಿಂದ ಬಂದ್ರೂ ಸೊನ್ನೆಯಿಂದ ಭಾಗಿಸೋಕಾಗಲ್ಲ, ಕಾಮ್ರೇಡ್."

"ಇಡೀ ಜಿಲ್ಲೆ ಒಪ್ಪಿದೆ. ನಿಮ್ಮೊಬ್ಬರದೇ ತಕರಾರು."

ಪೆನ್ಕಾ ಗೋಡೆಯ ಹಲಗೆಯ ಮೇಲೆ ಸಮೀಕರಣ ಬರೆದಳು. ಸೀಮೆಸುಣ್ಣವನ್ನು ಅವನ ಕಡೆ ಚಾಚಿದಳು. "ಬನ್ನಿ. x ಇರೋ ಕಡೆ ಎರಡು ಹಾಕಿ. ಸರಿ ಬಂದ್ರೆ ನಾನೇ ಎಲ್ಲರ ಅಂಕ ಕಡಿದುಬಿಡ್ತೀನಿ."

ಅವನು ಕಾಫಿ ಲೋಟ ಬಿಡಲಿಲ್ಲ. "ನಾನು ಇಲ್ಲಿಗೆ ಲೆಕ್ಕ ಮಾಡೋಕೆ ಬಂದಿಲ್ಲ."

"ಅದು ಗೊತ್ತಾಗ್ತಿದೆ," ಎಂದಳು ಪೆನ್ಕಾ.

ಮೆತೋದಿ ಕೆಮ್ಮಿದ. "ಪೆನ್ಕಾ, ಹಟ ಬೇಡಮ್ಮ. ಹನ್ನೊಂದು ಮಕ್ಕಳಿಗೋಸ್ಕರ ನಿನ್ನ ಬುಡಕ್ಕೇ ಕೊಡಲಿ ಹಾಕ್ಕೋತೀಯಲ್ಲ."

"ಒಂದನೇ ಕ್ಲಾಸಿಂದ ಅವರಿಗೆ ಹಿಂದಿರುಗಿ ನೋಡಿ, ಹಿಂದಿರುಗಿ ನೋಡಿ ಅಂದಿದ್ದೀವಿ ಸಾರ್. ನೋಡಿದ್ದೇ ತಪ್ಪು ಅಂತ ಈಗ ನಾನು ಹೇಳ್ಲಾ?"

ಅವಳು ಅಲ್ಲೇ, ಇಬ್ಬರ ಕಣ್ಣೆದುರೇ, ಅಂಕಪುಸ್ತಕ ತೆರೆದು ಹನ್ನೊಂದು ಹೆಸರಿನ ಮುಂದೂ ಕೆಂಪು ಶಾಯಿಯಲ್ಲಿ ಪೂರ್ತಿ ಅಂಕ ಬರೆದು ಸಹಿ ಹಾಕಿದಳು.

ಆಮೇಲೆ ನಡೆದದ್ದನ್ನು ನೆನೆದು ಊರು ಬಹಳ ದಿನ ನಕ್ಕಿತು. ಬರೆದ ಅಂಕ ಹೊಡೆದುಹಾಕಬೇಕಾದರೆ ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡಬೇಕೆಂಬುದು ನಿಯಮ. 'ಎರಡು ಸರಿಯುತ್ತರ' ಎಂದು ತನ್ನ ಕೈಯಾರೆ ಬರೆದು ಹೆಸರು ಹಾಕಲು ಗೆರ್ಗಿನೊವ್ ಒಪ್ಪಲಿಲ್ಲ. ಮೆತೋದಿಗೆ ಆ ವಾರ ಬಲಗೈ ನೋವು. ಅಂಕಗಳು ಹಾಗೇ ಉಳಿದವು. ಆ ಹನ್ನೊಂದರಲ್ಲಿ ನಾಲ್ವರು ಎಂಜಿನಿಯರಿಂಗ್‌ಗೆ ಹೋದರು. ಗಾಡಿ ಹೊಡೆಯುವವನ ಮಗಳು ವ್ಯಾರಾ ಅವರಲ್ಲಿ ಒಬ್ಬಳು.

ಪೆನ್ಕಾಳನ್ನು ಸುಮ್ಮನೆ ಬಿಡುವ ಹಾಗಿರಲಿಲ್ಲ. 'ಶಿಸ್ತಿನ ಕೊರತೆ' ಎಂದು ಬರೆದು, ನಲವತ್ತು ಕಿಲೋಮೀಟರ್ ದೂರದ ತಂಬಾಕು ಬೆಳೆಯುವ ಹಳ್ಳಿಗೆ ಅಟ್ಟಿದರು. ಎರಡು ಕೋಣೆಯ ಶಾಲೆ, ಒಂದು ಒಲೆ, ಹದಿನಾರು ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಭಿನ್ನರಾಶಿಯೇ ಗೊತ್ತಿರಲಿಲ್ಲ. ಮೊದಲ ತಿಂಗಳು ಅವಳು ಅತ್ತಳು ಎಂದು ಬಾಡಿಗೆ ಮನೆಯ ಒಡತಿ ಆಮೇಲೆ ಹೇಳಿದ್ದುಂಟು. ಎರಡನೆಯ ತಿಂಗಳಿಂದ ಪೆನ್ಕಾ ಚೀಸ್ ತುಂಬಿದ ಬಾನಿತ್ಸಾ ರೊಟ್ಟಿ ಬೇಯಿಸಿ ತಂದು, ತುಂಡು ಮಾಡುತ್ತಾ ಭಿನ್ನರಾಶಿ ಶುರು ಮಾಡಿದಳು. ತಪ್ಪು ಹೇಳಿದವರಿಗೂ ತುಂಡು ಸಿಗುತ್ತಿತ್ತು, ಚಿಕ್ಕದು.

ಐದನೆಯ ವರ್ಷ ಆ ಹಳ್ಳಿಯ ಮೂವರು ಮಕ್ಕಳು ಜಿಲ್ಲೆಯ ಗಣಿತ ಸ್ಪರ್ಧೆಯಲ್ಲಿ ಗೆದ್ದಾಗ ಕಚೇರಿಗೆ ಅವಳ ನೆನಪಾಯಿತು. ಬಿಳಿ ಕಾರಿನಲ್ಲಿ ಹೊಸ ಅಧಿಕಾರಿಯೊಬ್ಬ ಬಂದ. ತಂಬಾಕಿನ ಎಲೆ ಪೋಣಿಸುತ್ತಾ ಕೂತಿದ್ದ ಹೆಂಗಸರ ನಡುವೆ ಅವಳನ್ನು ಗುರುತಿಸಲು ಅವನಿಗೆ ಹೊತ್ತು ಹಿಡಿಯಿತು.

"ಹಳೇದೆಲ್ಲ ಮರೆತುಬಿಡೋಣ ಮೇಡಂ. ವಾಪಸ್ ಊರಿಗೆ ಬನ್ನಿ. ನಿಮ್ಮ ಜಾಗ ಖಾಲಿ ಇದೆ."

ಪೆನ್ಕಾ ಸೂಜಿಯಿಂದ ಕಣ್ಣೆತ್ತಲಿಲ್ಲ. "ಇಲ್ಲಿಗೆ ಕಳಿಸಿದವರು ನೀವು. ಇಲ್ಲೇ ಉಳಿಯೋಳು ನಾನು. ಎಲೆ ಒಣಗ್ಬೇಕು, ಬಿಸಿಲು ಬಿಟ್ಟು ಸ್ವಲ್ಪ ಪಕ್ಕಕ್ಕೆ ನಿಲ್ಲಿ."