ಬಲಪುಟದಲ್ಲಿ ಬಿಟ್ಟುಹೋದ ಎರಡು ತಿಂಗಳು

ಕುಷ್ಟಗಿಯ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಕನಾಗಿದ್ದೆ. ನಿವೃತ್ತಿಯ ಮರುವರ್ಷ ಖಿನ್ನತೆಯಿಂದ ಹಾಸಿಗೆ ಹಿಡಿದೆ, ಆಮೇಲೆ ಗುಣವಾದೆ. ಇದು ಎಲ್ಲರಿಗೂ ಗೊತ್ತಿತ್ತು. ಹೀಗಾಗಿ ನಿವೃತ್ತ ನೌಕರರ ವಾರ್ಷಿಕ ಸಂಚಿಕೆಗೆ ಮಾನಸಿಕ ಆರೋಗ್ಯದ ಬಗ್ಗೆ ಲೇಖನ ಬೇಕಾದಾಗ ನನ್ನನ್ನೇ ಕೇಳಿದರು.

ಪಾಠ ಟಿಪ್ಪಣಿ ಬರೆಯುತ್ತಿದ್ದ ಪದ್ಧತಿಯಲ್ಲೇ ಶುರು ಮಾಡಿದೆ. ನೋಟುಬುಕ್ಕಿನ ಎಡಪುಟದಲ್ಲಿ ಓದಿದ್ದು, ಬಲಪುಟದಲ್ಲಿ ಅನುಭವಿಸಿದ್ದು. ನನಗೆ ಚಿಕಿತ್ಸೆ ಕೊಟ್ಟಿದ್ದ ಕೊಪ್ಪಳದ ಡಾಕ್ಟರು ಕೆಲವು ಸಂಶೋಧನಾ ಬರಹಗಳನ್ನು ಕೊಟ್ಟಿದ್ದರು. ದಿನವೂ ಏಳರಿಂದ ಒಂಬತ್ತರವರೆಗೆ ಓದಿದೆ. ‘ಕೆಲವರಲ್ಲಿ’, ‘ಸಾಮಾನ್ಯವಾಗಿ’, ‘ಇನ್ನೂ ಖಚಿತವಿಲ್ಲ’ ಎಂಬ ಮಾತುಗಳೇ ಅಲ್ಲಿ ಹೆಚ್ಚು. ಮೈದಾನದಲ್ಲಿ ‘ಕೆಲವರು ಸಾಮಾನ್ಯವಾಗಿ ಎಡಕ್ಕೆ ತಿರುಗಿ’ ಎಂದರೆ ಸಾಲು ನಿಲ್ಲುತ್ತದೆಯೇ? ಬಲಪುಟ ನನ್ನ ಆ ವರ್ಷದ ದಿನಚರಿ ಪುಸ್ತಕದಿಂದ ಸರಾಗವಾಗಿ ತುಂಬಿತು: ಐದಕ್ಕೆ ಏಳುವುದು, ಒಂದು ತಾಸು ನಡಿಗೆ, ತಣ್ಣೀರ ಸ್ನಾನ, ಆರು ವಾರಕ್ಕೆ ಮನಸ್ಸು ಹಗುರ. ಲೇಖನ ಮುಗಿಯುವ ಹೊತ್ತಿಗೆ ಅದರಲ್ಲಿ ಎಡಪುಟದ ಹತ್ತು ಸಾಲು ಮಾತ್ರ ಉಳಿದಿದ್ದವು.

ಅಚ್ಚಿಗೆ ಕೊಡುವ ಮೊದಲೇ ಒಂದು ಪ್ರತಿಯನ್ನು ಅಳವಂಡಿಯಲ್ಲಿರುವ ತಮ್ಮನಿಗೆ ಕಳಿಸಿದೆ. ಅವನ ಸೊಸೆ ಹೆರಿಗೆಯಾದಾಗಿನಿಂದ ಮಂಕಾಗಿದ್ದಳು. ಅದೇ ಡಾಕ್ಟರ ಔಷಧ ನಡೆದಿತ್ತು.

ಹದಿನೈದು ದಿನ ಬಿಟ್ಟು ಹೆಂಡತಿಯೊಂದಿಗೆ ಅಲ್ಲಿಗೆ ಹೋದೆ. ತಮ್ಮ ಬಾಗಿಲಲ್ಲೇ ಹೇಳಿದ:

“ಅಣ್ಣಾರ, ನೀವು ಬರದ ಹಾಳಿ ಗ್ವಾಡಿಗೆ ಅಂಟಿಸೇನಿ ನೋಡ್ರಿ. ದಿನಾ ಐದಕ್ಕ ಎಬ್ಬಸ್ತೀವಿ. ಗುಳಿಗಿ ಬಿಡಿಸಿ ಎಂಟು ದಿನ ಆತು.”

ಸೊಸೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಕೂದಲು ಒದ್ದೆಯಾಗಿತ್ತು. ಮೂರು ದಿನದಿಂದ ಸರಿಯಾಗಿ ಉಂಡಿಲ್ಲವೆಂದು ಗೊತ್ತಾಯಿತು.

“ಗುಳಿಗಿ ಬಿಡ್ರಿ ಅಂತ ನಾ ಎಲ್ಲಿ ಬರದೇನಿ?”

“ತಗೋರಿ ಅಂತಾನೂ ಬರದಿಲ್ಲಲ್ರಿ,” ಅಂದ ತಮ್ಮ.

ಅದು ನಿಜವಾಗಿತ್ತು.

ಹೆಂಡತಿ ಗೋಡೆಯ ಹಾಳೆಗಳನ್ನು ನಿಂತು ಓದಿದಳು. ಅವಳಿಗೆ ನಾನು ತೋರಿಸಿರಲಿಲ್ಲ. ನನ್ನ ಕಾಯಿಲೆ, ನನ್ನ ನೆನಪು, ಕೇಳುವುದೇನಿದೆ ಎಂದುಕೊಂಡಿದ್ದೆ.

“ಡ್ರಿಲ್ ಮಾಸ್ತರು ಭಾಳ ಛಲೋ ಬರದಾರ,” ಅಂದಳು. “ಐದಕ್ಕ ಎದ್ದಿದ್ದು ಖರೆ. ಅದಕ್ಕಿಂತ ಮೊದ್ಲಿನ ಎರಡು ತಿಂಗಳು ಎಲ್ಲಿ ಹೋದ್ವು? ಹಲ್ಲು ತಿಕ್ಕಾಕ ಸೈತ ನೀವು ಏಳ್ತಿರಲಿಲ್ಲ. ನಾ ಅಂಗೈಯಾಗ ಗುಳಿಗಿ ಹಿಡಕೊಂಡು ನಿಂದರತಿದ್ದೆ. ಮೊದ್ಲು ಆ ಗುಳಿಗಿ, ಆಮ್ಯಾಲ ನಿಮ್ಮ ಡ್ರಿಲ್ ಸೀಟಿ.”

ನನ್ನ ದಿನಚರಿಯಲ್ಲಿ ಆ ಎರಡು ತಿಂಗಳು ಖಾಲಿ. ಬರೆಯುವಾಗ ಖಾಲಿ ಹಾಳೆಗಳನ್ನು ಮಗುಚಿ ಮುಂದಕ್ಕೆ ಹೋಗಿದ್ದೆ.

ಸೊಸೆ ತಲೆಯೆತ್ತಿದಳು. “ದೊಡ್ಡ ಮಾವಾರ, ನಿಮಗೂ ಏಳಾಕ ಆಗ್ತಿರಲಿಲ್ಲೇನ್ರಿ?”

“ಆಗ್ತಿರಲಿಲ್ಲವ್ವಾ.”

“ನಾ ಸೋಗು ಹಾಕ್ತೀನಿ ಅಂತಾರ್ರಿ ಇವ್ರೆಲ್ಲ.”

ತಮ್ಮ ಎದ್ದು ಹೋಗಿ ಗೋಡೆಯ ಹಾಳೆಗಳನ್ನು ಕಿತ್ತ.

ಮುಂದಿನ ಬಸ್ಸಿಗೇ ಅವಳನ್ನು ಕೊಪ್ಪಳಕ್ಕೆ ಕರೆದೊಯ್ದೆವು. ಡಾಕ್ಟರು ಗುಳಿಗೆ ಮತ್ತೆ ಶುರು ಮಾಡಿದರು. ಕೇಳದೆ ಬಿಡಿಸಿದ್ದಕ್ಕೆ ತಮ್ಮನನ್ನು ಗದರಿದರು, ಬರೆದವನೆಂದು ನನ್ನನ್ನೂ ಬಿಡಲಿಲ್ಲ. ನಡಿಗೆ ಒಳ್ಳೆಯದೇ, ಅವಳಿಗೆ ಶಕ್ತಿ ಬಂದ ಮೇಲೆ, ಅವಳ ಇಷ್ಟದ ಹೊತ್ತಿಗೆ ಎಂದರು. ‘ಕೆಲವರಲ್ಲಿ’ ಎಂಬ ಮಾತಿನ ಹೊರಗೆ ಯಾರಿರುತ್ತಾರೆ ಎಂಬುದನ್ನು ಅಂದು ಕಣ್ಣಾರೆ ಕಂಡೆ.

ಲೇಖನವನ್ನು ಹೊಸದಾಗಿ ಬರೆದೆ. ಎಡಪುಟದ ಅನುಮಾನಗಳನ್ನು ಇದ್ದಂತೆಯೇ ಇಟ್ಟೆ. ಎರಡು ತಿಂಗಳ ಸಂಗತಿಯನ್ನು ಹೆಂಡತಿ ಹೇಳಿದಳು, ನಾನು ಬರೆದುಕೊಂಡೆ. ನನಗೆ ನೆನಪಿಲ್ಲವೆಂಬುದನ್ನೂ ಸೇರಿಸಿದೆ. ಅಚ್ಚಿಗೆ ಕೊಡುವ ಮುಂಚೆ ಅಳವಂಡಿಗೆ ಒಯ್ದೆ. ಅಷ್ಟರಲ್ಲಿ ಸೊಸೆ ಮಗುವನ್ನು ತಾನೇ ಎತ್ತಿಕೊಳ್ಳುತ್ತಿದ್ದಳು. ಪೂರ್ತಿ ಓದಿ ಹಾಳೆಗಳನ್ನು ಮಡಚಿದಳು.

“ಎಲ್ಲಾ ಬರೋಬರಿ ಐತ್ರಿ ಮಾವಾರ. ತಣ್ಣೀರ ಜಳಕ ಒಂದು ತಗೀರಿ.”

ತೆಗೆದೆ.